ಕಂಬಕ್ಕೆ ಕಟ್ಟಿದ ಬಿಳಿ ಬಟ್ಟೆ

ಸೆಪ್ಟೆಂಬರ್ 20, ಬುಧವಾರ

ನಾಡಹಬ್ಬ ಮುಗಿದರೂ ಊರಿನ ಗಂಡಸರ ಅಮಲು ಇಳಿದಿಲ್ಲ. ಪುಂತಾ ಅರೆನಾಸ್ ನಗರದಿಂದ ದೋಣಿ ಬಂದಾಗ ನನ್ನ ಪೆಟ್ಟಿಗೆಗಳನ್ನು ಇಳಿಸೋಕೆ ಒಬ್ಬನೂ ಇಲ್ಲ. ಕೊನೆಗೆ ನನ್ನ ತಮ್ಮ ಎವಾರಿಸ್ತೊನೇ ಬಂದ. ಅವನ ಬಾಯೂ ಪೀಪಾಯಿ ಹಾಗೆ ನಾರುತ್ತಿತ್ತು, ಆದರೂ ಬಂದನಲ್ಲ, ಅದೇ ಪುಣ್ಯ.

ಪೆಟ್ಟಿಗೆಗಳ ಜೊತೆಗೆ ಒಂದು ಹುಡುಗಿಯೂ ಇಳಿದಳು. ಹೆಸರು ಫ್ರೆಸಿಯಾ. ಈ ವಸಂತಕ್ಕೆ ನನಗೆ ಜೊತೆಯಾಗಿರಲಿ ಅಂತ ವಿಶ್ವವಿದ್ಯಾಲಯದವರು ಕಳಿಸಿದ್ದಾರೆ. ನಾನೇನೂ ಕೇಳಿರಲಿಲ್ಲ. ಇಷ್ಟು ವರ್ಷ ಈ ಲೆಂಗಾ ಕೊಲ್ಲಿಯ ಸಮುದ್ರ ಸಂಶೋಧನಾ ಕೇಂದ್ರವನ್ನು ಒಬ್ಬಳೇ ನಡೆಸಿದವಳಿಗೆ ಈಗೇಕೆ ಜೊತೆ? ಹುಡುಗಿ ಇಳಿದ ಕೂಡಲೇ ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು, ಮುಖಕ್ಕೆಲ್ಲ ಬಿಳಿ ಮುಲಾಮು ಬಳಿದುಕೊಂಡಳು. ಎವಾರಿಸ್ತೊ ನನ್ನ ಕಿವಿಯಲ್ಲಿ, "ಅಕ್ಕ, ಇದು ಹುಡುಗೀನೋ ಪೆಂಗ್ವಿನ್ನೋ?" ಅಂದ. ನಗು ಬಂತು, ತೋರಿಸಿಕೊಳ್ಳಲಿಲ್ಲ.

ನಾಳೆಯಿಂದ ಪ್ರಯೋಗದ ದೊಡ್ಡ ಪ್ಲಾಸ್ಟಿಕ್ ಚೀಲಗಳನ್ನು ನೀರಿಗೆ ಇಳಿಸಬೇಕು. ಒಂದೊಂದು ಚೀಲದಲ್ಲೂ ಒಂದು ಕೊಠಡಿ ತುಂಬುವಷ್ಟು ಸಮುದ್ರ. ಕೆಲವಕ್ಕೆ ಹೊದಿಕೆಯೇ ಇಲ್ಲ, ಕೆಲವಕ್ಕೆ ತೆಳು ಹಾಳೆ, ಕೆಲವಕ್ಕೆ ಅತಿನೇರಳೆ ಕಿರಣ ಒಂದಿಷ್ಟೂ ಒಳಗೆ ಬಿಡದ ದಪ್ಪ ಹಾಳೆ. ಓಜೋನ್ ತೂತು ದಕ್ಷಿಣದಿಂದ ಬಂದು ನಮ್ಮ ನೆತ್ತಿಯ ಮೇಲೆ ನಿಂತಾಗ ಯಾವ ಚೀಲದಲ್ಲಿ ಯಾವ ಪ್ಲವಕ, ಅಂದರೆ ನೀರಲ್ಲಿ ತೇಲುವ ಯಾವ ಸೂಕ್ಷ್ಮಜೀವಿ, ಸಾಯುತ್ತೆ, ಯಾವುದು ಬದುಕುತ್ತೆ ಅಂತ ಎಣಿಸೋದು ನನ್ನ ಕೆಲಸ. ಎವಾರಿಸ್ತೊ ಇವುಗಳನ್ನು "ಅಕ್ಕನ ಸಾರಿನ ಪಾತ್ರೆ" ಅಂತಾನೆ. ಉಪ್ಪು ಸರಿಯಾಗಿದೆಯಾ ಅಂತ ಪ್ರತಿ ವರ್ಷ ಕೇಳ್ತಾನೆ, ಈ ವರ್ಷವೂ ಕೇಳಿದ.

ಸೆಪ್ಟೆಂಬರ್ 23, ಶನಿವಾರ

ಬೆಳಿಗ್ಗೆ ಕೊಲ್ಲಿಯ ನೀರು ನೋಡಿದೆ. ಚೊಕ್ಕ. ಕಂಬಕ್ಕೆ ಬಿಳಿ ಬಟ್ಟೆ ಕಟ್ಟಿದೆ.

ಫ್ರೆಸಿಯಾಗೆ ಇದು ಹೊಸದು. ಕಟ್ಟೆಯ ಕಂಬಕ್ಕೆ ಬಿಳಿ ಬಟ್ಟೆ ಬಿದ್ದರೆ ಊರಿಗೆ ಚಿಪ್ಪುಮೀನು ಊಟ, ಕೆಂಪು ಬಿದ್ದರೆ ಆಲೂಗಡ್ಡೆ ಊಟ ಅಂತ ಎವಾರಿಸ್ತೊ ಅವಳಿಗೆ ಪಾಠ ಹೇಳಿದ. ಅವಳು, "ಮಾಂಸದ ಪರೀಕ್ಷೆ ನಗರದಲ್ಲಿ ಆಗಬೇಕಲ್ವಾ?" ಅಂದಳು. ಆಗುತ್ತೆ ಮಗಳೇ, ದೋಣಿಯಲ್ಲಿ ಹೋಗಿ, ದೋಣಿಯಲ್ಲಿ ವರದಿ ಬರೋ ಹೊತ್ತಿಗೆ ಈ ಊರಿನವರು ಎರಡು ಸಲ ತಿಂದು ಎರಡು ಸಲ ಸತ್ತಿರ್ತಾರೆ. ಚಿಪ್ಪುಮೀನಿಗೆ ವಿಷ ಏರಿಸೋ ಈ ಪಿಡುಗಿಗೆ ಕೆಂಪು ಉಬ್ಬರ ಅಂತ ಹೆಸರಿದ್ದರೂ ನೀರು ಕೆಂಪಗೇನೂ ಆಗಲ್ಲ. ಆ ವಿಷದ ಪ್ಲವಕದ ಸರಪಳಿಗಳು, ಒಂದಕ್ಕೊಂದು ಕೈಹಿಡಿದುಕೊಂಡು ತೇಲುವ ಆ ದರಿದ್ರಗಳು, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣೋದು. ಚಿಪ್ಪುಮೀನು ಅವನ್ನು ತಿಂದು ಆರಾಮಾಗಿರುತ್ತೆ, ಚಿಪ್ಪುಮೀನು ತಿಂದವನ ತುಟಿ ಜುಮ್ಮೆನ್ನುತ್ತೆ, ಆಮೇಲೆ ಬೆರಳು, ಆಮೇಲೆ ಉಸಿರು.

ನಮ್ಮಮ್ಮನ ಕಾಲದಲ್ಲಿ ಮನೆಯ ಹಿರಿಯರೊಬ್ಬರು ಮೊದಲು ಒಂದು ತುಂಡನ್ನು ತುಟಿಗೆ ಉಜ್ಜಿಕೊಂಡು, ನುಂಗಿ, ಟೋಪಿ ಮುಖದ ಮೇಲೆಳೆದು ಕೂತುಬಿಡೋರು. ಮಧ್ಯಾಹ್ನದವರೆಗೆ ಏನೂ ಆಗದಿದ್ದರೆ ಮಕ್ಕಳಿಗೆ ಬಡಿಸೋರು. ನಮ್ಮ ಅಜ್ಜ ಹಾಗೇ ಹೋದದ್ದು. ನಾನು ಓದಿ ಬಂದ ಮೇಲೆ ಆ ಅನಿಷ್ಟ ಪದ್ಧತಿ ನಿಲ್ಲಿಸಿದೆ. ಎಲ್ಲರ ತುಟಿಯ ಬದಲು ನನ್ನ ಎರಡು ಕಣ್ಣು ಅಂತ ಹೇಳಿದ್ದೆ. ಬಿಳಿ ಬಟ್ಟೆಯ ಕೆಳಗೆ ಈ ಕೊಲ್ಲಿಯಲ್ಲಿ ಇವತ್ತಿನವರೆಗೆ ಒಬ್ಬರೂ ಸತ್ತಿಲ್ಲ. ಜಂಬ ಅಂದರೆ ಜಂಬ, ನನಗಿದೆ.

ಸಂಜೆ ಎವಾರಿಸ್ತೊ ಮನೆಯಲ್ಲಿ ಊಟ. ಅವನ ಹೆಂಡತಿ ಒತಿಲಿಯಾ ದೊಡ್ಡ ಪಾತ್ರೆ ಮುಚ್ಚಳ ತೆಗೆದಾಗ ಎಲ್ಲರೂ ಒಟ್ಟಿಗೇ ಕೈ ಹಾಕಿದೆವು.

ಸೆಪ್ಟೆಂಬರ್ 29, ಶುಕ್ರವಾರ

ತೂತು ಬಂತು. ಬಾಡಿಗೆ ಕೊಡದ ನೆಂಟ ಈ ಸಲ ಬೇಗನೇ ಬಂದಿದ್ದಾನೆ. ಮಧ್ಯಾಹ್ನ ಹೊರಗೆ ಹೋಗಬೇಡಿ, ಮಕ್ಕಳನ್ನು ಬಿಡಬೇಡಿ ಅಂತ ರೇಡಿಯೋದಲ್ಲಿ ಹೇಳುತ್ತಿದ್ದಾರೆ. ಮಧ್ಯಾಹ್ನ ಹೊರಗೆ ಹೋಗದಿದ್ದರೆ ಚೀಲದ ನೀರು ತೆಗೆಯೋದು ಯಾರು? ಇಡೀ ದಿನ ದೋಣಿಯಲ್ಲಿದ್ದೆ. ದಡದಲ್ಲಿ ಹಿಮ, ಕೆಳಗೆ ಕನ್ನಡಿಯಂಥ ನೀರು, ಮೇಲಿನ ಬಿಸಿಲು ಎರಡೂ ಕಡೆಯಿಂದ ಬಡಿಯುತ್ತೆ.

ಫ್ರೆಸಿಯಾ ತನ್ನ ಇನ್ನೊಂದು ಕನ್ನಡಕ ನನಗೆ ಕೊಡೋಕೆ ಬಂದಳು. "ದೊನ್ಯಾ ನೆಲ್ದಾ, ನಿಮ್ಮ ಕಣ್ಣು ಕೆಂಪಾಗಿದೆ," ಅಂದಳು. ನಾನು ಕುರುಡು ಕುರಿಗಳ ಕಥೆ ಹೇಳಿದೆ. ಹಿಂದೊಮ್ಮೆ ಉತ್ತರದಿಂದ ಪತ್ರಿಕೆಯವರು ಬಂದು, ಓಜೋನ್ ತೂತಿನಿಂದ ಕುರುಡಾದ ಕುರಿ ತೋರಿಸಿ ಅಂತ ಊರೂರು ಅಲೆದರು. ನಾನೇ ಹೋಗಿ ಆ ಕುರಿಗಳನ್ನು ನೋಡಿದ್ದೆ. ಕಣ್ಣಿನ ಸೋಂಕು, ಅಷ್ಟೆ. ಮುಲಾಮು ಹಾಕಿದರು, ವಾಸಿಯಾಯಿತು. ಆಮೇಲೆ ಎಷ್ಟು ಸಭೆಗಳಲ್ಲಿ ಎದ್ದು ನಿಂತು ಹೇಳಿದ್ದೇನೋ, ಈ ಕಿರಣದಿಂದ ಪ್ಲವಕ ಸಾಯುತ್ತೆ, ಅದನ್ನು ನೋಡಿ, ಕುರಿಯ ಕಣ್ಣಿನ ಕಟ್ಟುಕಥೆ ಬಿಡಿ ಅಂತ. ಎವಾರಿಸ್ತೊ ಈಗಲೂ ಯಾರಾದರೂ ಕನ್ನಡಕ ಹಾಕಿದರೆ "ಬ್ಯಾ" ಅನ್ನುತ್ತಾನೆ. ಇವತ್ತು ಮಾತ್ರ ಅನ್ನಲಿಲ್ಲ. ಸುಮ್ಮನೆ ನನ್ನ ಮುಖ ನೋಡುತ್ತಿದ್ದ.

ಕಣ್ಣಲ್ಲಿ ಮರಳು ತುಂಬಿದ ಹಾಗಿದೆ. ಗಾಳಿ. ತಣ್ಣೀರು ಪಟ್ಟಿ ಹಾಕಿಕೊಂಡು ಮಲಗುತ್ತೇನೆ.

ಅಕ್ಟೋಬರ್ 4, ಬುಧವಾರ

ಸೂಕ್ಷ್ಮದರ್ಶಕದ ದೀಪ ಕೆಟ್ಟಿದೆ. ಹೋದ ವರ್ಷದಿಂದಲೇ ಹಳದಿಯಾಗುತ್ತಿತ್ತು, ಈಗ ಹೊಗೆ ತುಂಬಿದ ಅಡುಗೆಮನೆಯಲ್ಲಿ ಕೂತ ಹಾಗಿದೆ. ಹೊಸ ದೀಪ ಕಳಿಸಿ ಅಂತ ಮೂರನೇ ಸಲ ರೇಡಿಯೋದಲ್ಲಿ ಹೇಳಿದೆ. ವಿಶ್ವವಿದ್ಯಾಲಯದವರು, ಆಗಸ್ಟ್‌ನಲ್ಲೇ ಹೊಸದು ಕಳಿಸಿದ್ದೆವಲ್ಲ ಅಂತಾರೆ. ಕಳಿಸಿದ್ದರೆ ಅದೂ ಕೆಟ್ಟದ್ದೇ.

ಲೆಕ್ಕ ವಿಚಿತ್ರವಾಗಿದೆ. ಹೊದಿಕೆಯಿಲ್ಲದ ಚೀಲದಲ್ಲಿ ಡಯಾಟಮ್‌ಗಳು, ಆ ಗಾಜಿನ ಚಿಪ್ಪಿನ ಬಡಪಾಯಿಗಳು, ಅರ್ಧಕ್ಕರ್ಧ ಹೋಗಿವೆ. ಅದು ಸರಿ, ಪ್ರತಿ ವರ್ಷವೂ ಹೋಗುತ್ತವೆ. ಆದರೆ ದಪ್ಪ ಹಾಳೆ ಮುಚ್ಚಿದ ಚೀಲದಲ್ಲೂ ಕಡಿಮೆಯಾಗಿವೆ. ಅದರೊಳಗೆ ಕಿರಣವೇ ಹೋಗಲ್ಲ, ಮತ್ತೆ ಸಾಯೋದು ಯಾಕೆ? ಹಾಳೆ ಕಳಪೆ ಇರಬೇಕು. ಈಗಿನ ಕಾಲದಲ್ಲಿ ಯಾವುದು ಸರಿಯಾಗಿದೆ?

ಅದೇ ನೀರನ್ನು ಫ್ರೆಸಿಯಾ ಎಣಿಸಿದಳು. ಅವಳ ಲೆಕ್ಕದಲ್ಲಿ ಮುಚ್ಚಿದ ಚೀಲ ಆರೋಗ್ಯವಾಗಿದೆ. ನನ್ನದಕ್ಕಿಂತ ಎರಡು ಪಟ್ಟು. ಅಷ್ಟೇ ಅಲ್ಲ, ಬಿಸಿಲಿಗೆ ತೆರೆದ ಚೀಲದಲ್ಲಿ ವಿಷದ ಸರಪಳಿಗಳು ಶುರುವಾಗಿವೆ ಅಂತಾಳೆ. "ಅವಕ್ಕೆ ಮೈಯಲ್ಲೇ ಛತ್ರಿ ಇದೆಯಲ್ಲ, ಕಿರಣ ತಡೆಯೋ ಪದಾರ್ಥ. ಬೇರೆಯವು ಸತ್ತ ಜಾಗದಲ್ಲಿ ಇವು ಬೆಳೀತಿವೆ," ಅಂದಳು. ಮೈಯಲ್ಲಿ ಛತ್ರಿ ಇರೋದನ್ನು ಈ ಕೊಲ್ಲಿಯಲ್ಲಿ ಮೊದಲು ಬರೆದದ್ದೇ ನಾನು, ನನಗೇ ಪಾಠ. ನೋಡಿದೆ. ಕಸ, ಸತ್ತ ಚಿಪ್ಪು, ಮಸುಕು. ಸರಪಳಿ ಗಿರಪಳಿ ಏನೂ ಕಾಣಲಿಲ್ಲ. ಕಸವನ್ನು ಜೀವಿ ಅಂತ ಎಣಿಸೋದು ಹೊಸಬರ ರೋಗ, ಅಂದೆ. "ಬೇರೆ ದೀಪ ಹಾಕಿ ನೋಡೋಣವಾ?" ಅಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅಕ್ಟೋಬರ್ 7, ಶನಿವಾರ

ಬಿಳಿ.

ಬೆಳಿಗ್ಗೆ ಕಟ್ಟೆಯ ಮೇಲೆ ಎವಾರಿಸ್ತೊ ಸಿಕ್ಕಿದ. ಪಕ್ಕ ಕೂತು, "ಅಕ್ಕ, ಅಲ್ಲಿ ಬರ್ತಿರೋ ದೋಣಿ ಯಾರದ್ದು?" ಅಂದ. ಮಂಜು ಕಣೋ, ಕಾಣಲ್ಲ ಅಂದೆ. "ಹೌದಾ, ಮಂಜು," ಅಂದ. ಕಾಲಿಗೆ ಹಗ್ಗ ಸಿಕ್ಕೀತು ಅಂತ ನನ್ನ ತೋಳು ಹಿಡಿದು ಇಳಿಸಿದ. ನಾನೇನು ಮುದುಕಿಯಾ? ಕೊಡವಿಕೊಂಡೆ.

ಇನ್ನೊಂದು ಮಾತು. ಇವನಿಗೆ ವಯಸ್ಸಾಗುತ್ತಾ ನಾಲಗೆ ಚಪಲ ಹೆಚ್ಚಾಗಿದೆ. ಮುಳುಗಿ ತಂದ ಚಿಪ್ಪುಮೀನನ್ನು ದಡಕ್ಕೂ ತರದೆ, ದೋಣಿಯಲ್ಲೇ ಪುಟ್ಟ ಒಲೆ ಹಚ್ಚಿ, ಬೇಯಿಸಿ, ಒಬ್ಬನೇ ತಿನ್ನುತ್ತಿದ್ದ. ತಿಂದು ಟೋಪಿ ಮುಖಕ್ಕೆಳೆದುಕೊಂಡು ಮಲಗಿದ. ಬುಟ್ಟಿಗಳನ್ನು ಮಧ್ಯಾಹ್ನದವರೆಗೆ ಯಾರಿಗೂ ಮುಟ್ಟಗೊಡಲಿಲ್ಲ. ಹೆಂಗಸರೆಲ್ಲ ಪಾತ್ರೆ ಹಿಡಿದು ಕಾಯುತ್ತಿದ್ದರು. ನಾನು, "ಏನೋ ಹೊಟ್ಟೆಬಾಕ, ಊರಿಗೆ ಮುಂಚೆ ನಿನಗೆ ಆಗಬೇಕಾ?" ಅಂತ ಎಲ್ಲರೆದುರು ಬೈದೆ. ಟೋಪಿ ಎತ್ತದೆ, "ನೀನು ಬಿಳಿ ಕಟ್ಟಿದ ಮೇಲೆ ತಡೆಯೋಕಾಗಲ್ಲ ಅಕ್ಕ," ಅಂದ. ಎಲ್ಲರೂ ನಕ್ಕರು. ಒತಿಲಿಯಾ ನಗಲಿಲ್ಲ. ಗಂಡನ ಹೊಟ್ಟೆಬಾಕತನಕ್ಕೆ ಅವಳಿಗೂ ನಾಚಿಕೆಯಾಗಿರಬೇಕು.

ಅಕ್ಟೋಬರ್ 10, ಮಂಗಳವಾರ

ಮಾತೆ ಎಲೆಯ ಕಷಾಯ ಕುಡಿಯೋಣ ಅಂತ ಬಿಸಿನೀರು ಹುಯ್ದರೆ ಅರ್ಧ ಮೇಜಿನ ಮೇಲೆ, ಇನ್ನರ್ಧ ನನ್ನ ತೊಡೆಯ ಮೇಲೆ. ಈ ಹೊಸ ಕೆಟಲಿನ ಮೂತಿ ಡೊಂಕು. ಫ್ರೆಸಿಯಾ ಮಾತಾಡದೆ ಒರೆಸಿದಳು. ಅವಳು ಮಾತಾಡದೆ ಇರೋದು ಮಾತಾಡೋದಕ್ಕಿಂತ ಹೆಚ್ಚು ಸಿಟ್ಟು ಬರಿಸುತ್ತೆ.

ಮೋಡವಿಲ್ಲ. ಇಡೀ ದಿನ ದೋಣಿ.

ಅಕ್ಟೋಬರ್ 14, ಶನಿವಾರ

ಬರೆಯೋಕೆ ಮನಸ್ಸಿಲ್ಲ. ಆದರೂ ಬರೆಯಬೇಕು.

ಬೆಳಿಗ್ಗೆ ನೀರು ನೋಡಿದೆ, ಏನೂ ಇಲ್ಲ, ಬಿಳಿ ಕಟ್ಟಿದೆ. ಚಹಾ ಕುಡಿದು ಹೊರಗೆ ಬಂದರೆ ಕಟ್ಟೆಯ ಮೇಲೆ ಜನ ಗುಂಪುಗೂಡಿ ಗೊಣಗುತ್ತಿದ್ದಾರೆ. ಏನಾಯಿತು ಅಂದರೆ, "ನೀವೇ ಕೆಂಪು ಕಟ್ಟಿದ್ದೀರಲ್ಲ ದೊನ್ಯಾ ನೆಲ್ದಾ," ಅಂದರು. ಕಂಬದ ಬುಡಕ್ಕೆ ಹೋಗಿ ನೋಡಿದರೆ ಹೌದು, ಕೆಂಪು. ಕಂಬದ ಪಕ್ಕ ಫ್ರೆಸಿಯಾ ನಿಂತಿದ್ದಳು.

"ನಾನೇ ಬದಲಾಯಿಸಿದೆ," ಅಂದಳು. "ಬೇಜಾರು ಮಾಡ್ಕೋಬೇಡಿ. ಎರಡು ಸಲ ನೋಡ್ದೆ. ಕೊಲ್ಲಿಯ ನೀರಲ್ಲೇ ಸರಪಳಿ ಇದೆ. ತುಂಬ ಇಲ್ಲ, ಆದ್ರೆ ಇದೆ."

"ನಾನು ನೋಡಿದಾಗ ಇರಲಿಲ್ಲ."

"ನಿಮಗೆ ಕಾಣಿಸಲಿಲ್ಲ," ಅಂದಳು.

ಇರಲಿಲ್ಲ ಅಂತಲ್ಲ, ಕಾಣಿಸಲಿಲ್ಲ ಅಂತ. ಊರಿನವರ ಎದುರಿಗೆ. ನಾನು ಎತ್ತಿ ಆಡಿಸಿದ ಮಕ್ಕಳ ಎದುರಿಗೆ. ಅವಳು ಹುಟ್ಟೋ ಮುಂಚಿನಿಂದ ಆ ಸರಪಳಿಗಳನ್ನು ನೋಡುತ್ತಿರುವವಳು ನಾನು. ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಅಳಲಿಲ್ಲ, ಬಟ್ಟೆಯನ್ನೂ ಬಿಚ್ಚಲಿಲ್ಲ. ನಾನೇ ಬಿಚ್ಚೋಕೆ ಕೈ ಹಾಕಿದಾಗ ಎವಾರಿಸ್ತೊ ಅಡ್ಡ ಬಂದ. "ಇರಲಿ ಬಿಡಕ್ಕ ಈ ಒಂದು ವಾರ. ಆಲೂಗಡ್ಡೆ ತಿಂದ್ರೆ ಯಾರೂ ಸಾಯಲ್ಲ," ಅಂದ. ಅವನೂ ಅವಳ ಕಡೆ. ಒಂದೇ ಹಾಲು ಕುಡಿದು ಬೆಳೆದ ತಮ್ಮ.

ಕೆಂಪು ಉಳಿಯಿತು. ಇಷ್ಟು ವರ್ಷದಲ್ಲಿ ನಾನು ಕಟ್ಟದ ಬಟ್ಟೆ ಆ ಕಂಬದ ಮೇಲೆ ಹಾರಿದ್ದು ಇದೇ ಮೊದಲು.

ಅಕ್ಟೋಬರ್ 17, ಮಂಗಳವಾರ

ಇವತ್ತಿನ ದೋಣಿಗೆ ಫ್ರೆಸಿಯಾಳನ್ನು ಹತ್ತಿಸಿದೆ. ಕೆಲಸಕ್ಕೆ ಹೊಂದಲ್ಲ ಅಂತ ವಿಶ್ವವಿದ್ಯಾಲಯಕ್ಕೆ ಹೇಳಿದ್ದೇನೆ. ಹೊರಡುವಾಗ ತನ್ನ ಕಪ್ಪು ಕನ್ನಡಕ ಮೇಜಿನ ಮೇಲೆ ಇಟ್ಟು ಹೋದಳು. "ಇದನ್ನ ನೀವು ಇಟ್ಕೊಳ್ಳಿ. ನಗರಕ್ಕೆ ಬಂದಾಗ ಒಂದ್ಸಲ ಕಣ್ಣಿನ ಡಾಕ್ಟರ್ ಹತ್ರ ಹೋಗಿ ಬನ್ನಿ, ನಾನೇ ಕರ್ಕೊಂಡು ಹೋಗ್ತೀನಿ," ಅಂದಳು. ಬ್ಯಾ ಅಂದೆ. ಅವಳಿಗೆ ಅರ್ಥವಾಯಿತು, ಮುಖ ಸಣ್ಣದಾಯಿತು ಅಂತ ಕಾಣುತ್ತೆ. ಬೆಳಕು ಎದುರಿಗಿತ್ತು, ಮುಖ ಸರಿಯಾಗಿ ಕಾಣಲಿಲ್ಲ.

ಎವಾರಿಸ್ತೊ ಅವಳ ಪೆಟ್ಟಿಗೆ ಹೊತ್ತು ಹೋದ. ದೋಣಿಯ ಹತ್ತಿರ ಇಬ್ಬರೂ ಬಹಳ ಹೊತ್ತು ತಲೆ ತಗ್ಗಿಸಿ ಮಾತಾಡಿದರು. ವಾಪಸ್ಸು ಬಂದು ನನ್ನ ಹತ್ತಿರ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳೋದೇನಿದೆ?

ಅಕ್ಟೋಬರ್ 19, ಗುರುವಾರ

ಒಬ್ಬಳೇ ಇದ್ದರೆ ಕೆಲಸ ಸುಗಮ. ಆದರೂ ಬೇಸರ.

ಈ ವಸಂತ ಮಂಜು ಜಾಸ್ತಿ. ಮನೆಯೊಳಗೂ ಮಂಜು ಬಂದ ಹಾಗೆ. ದೀಪ ಹಚ್ಚಿದರೆ ಸುತ್ತ ಬಳೆಯ ಹಾಗೆ ಬೆಳಕು. ಚೀಲಗಳಲ್ಲಿ ಎಣಿಸೋಕೆ ಏನೂ ಉಳಿದಿಲ್ಲ, ತೆರೆದದ್ದರಲ್ಲೂ ಇಲ್ಲ, ಮುಚ್ಚಿದ್ದರಲ್ಲೂ ಇಲ್ಲ. ಸಮುದ್ರವೇ ಖಾಲಿಯಾಗುತ್ತಿದೆಯಾ ಅಂತ ಭಯವಾಯಿತು. ಹೀಗೆ ನಾನು ಕಂಡಿದ್ದೇ ಇಲ್ಲ. ವಿಶ್ವವಿದ್ಯಾಲಯಕ್ಕೆ ಬರೆಯಬೇಕು, ಇದು ದೊಡ್ಡ ಸಂಗತಿ, ಎಲ್ಲ ಜಾತಿಗಳೂ ಒಟ್ಟಿಗೆ ಸಾಯುತ್ತಿವೆ ಅಂತ.

ಈ ಪುಸ್ತಕದ ಗೆರೆಗಳನ್ನೂ ತೀರಾ ತೆಳುವಾಗಿ ಅಚ್ಚು ಮಾಡಿದ್ದಾರೆ. ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ.

ಅಕ್ಟೋಬರ್ 21, ಶನಿವಾರ, ಬೆಳಿಗ್ಗೆ

ಕೊಲ್ಲಿಯ ನೀರು ಚೊಕ್ಕ. ಒಂದು ಸರಪಳಿಯೂ ಇಲ್ಲ. ನಾನು ಹೇಳಿದ್ದೇ ನಿಜ. ಬಿಳಿ ಕಟ್ಟಿದೆ, ಎರಡು ಗಂಟು ಹಾಕಿ ಕಟ್ಟಿದೆ.

ಒಂದು ವಾರ ಆಲೂಗಡ್ಡೆ ತಿಂದು ಬೇಸತ್ತ ಜನ. ಎಲ್ಲರೂ ಕಟ್ಟೆಗೆ ಬರುತ್ತಿದ್ದಾರೆ, ಮಕ್ಕಳು ಕೂಡ. ದೊಡ್ಡ ಒಲೆ ಹೂಡುತ್ತಿದ್ದಾರೆ. ಒತಿಲಿಯಾ ಆಲೂಗಡ್ಡೆ ರೊಟ್ಟಿ ಮಾಡಿ ತಂದಿದ್ದಾಳೆ. ಎವಾರಿಸ್ತೊ ಇನ್ನೂ ದೋಣಿಯಲ್ಲೇ ಇದ್ದಾನೆ, ಮತ್ತೆ ಅವನ ಅದೇ ಚಾಳಿ, ಎಲ್ಲರನ್ನೂ ಕಾಯಿಸಿ ತಾನು ಮೊದಲು. ಹೋಗಿ ಬೈದು ಬರುತ್ತೇನೆ.

ಅಕ್ಟೋಬರ್ 22, ಭಾನುವಾರ

ಎವಾರಿಸ್ತೊ ಹೋದ.

ನಗರಕ್ಕೆ ಒಯ್ಯುವ ದಾರಿಯಲ್ಲಿ, ದೋಣಿಯಲ್ಲೇ. ಕೈ ನನ್ನ ಕೈಯಲ್ಲಿತ್ತು. ಕೊನೆಯವರೆಗೂ ಎಚ್ಚರ ಇತ್ತು, ಉಸಿರು ಮಾತ್ರ ಬರಲಿಲ್ಲ.

ಅಕ್ಟೋಬರ್ 25, ಬುಧವಾರ

ಮಣ್ಣು ಮಾಡಿ ಬಂದೆವು. ಗಾಳಿ ಎಷ್ಟಿತ್ತು ಅಂದರೆ ಪಾದ್ರಿಯ ಮಾತು ಯಾರಿಗೂ ಕೇಳಿಸಲಿಲ್ಲ.

ಯಾರೂ ನನ್ನನ್ನು ಬೈಯಲಿಲ್ಲ. ಅದೇ ನನಗೆ ತಡೆಯೋಕಾಗುತ್ತಿಲ್ಲ. ಒಬ್ಬೊಬ್ಬರೇ ಬಂದು ಕೈ ಹಿಡಿದು, ಸಮುದ್ರ ಆಮೇಲೆ ವಿಷಕ್ಕೆ ತಿರುಗಿಬಿಡ್ತು, ನೀವೇನು ಮಾಡ್ತೀರಿ ದೊನ್ಯಾ ನೆಲ್ದಾ, ನೀವು ನೋಡಿದಾಗ ಚೊಕ್ಕ ಇತ್ತು ತಾನೇ, ಅಂದರು. ಇತ್ತು ಅಂದೆ. ಉಳಿದವರು ಯಾರೂ ತಿಂದಿರಲಿಲ್ಲವಲ್ಲ, ಎವಾರಿಸ್ತೊ ಕಾಯಿಸಿದ್ದು ದೇವರ ದಯೆ ಅಂದರು. ಅವನ ಚಪಲ ಊರನ್ನು ಉಳಿಸಿತು ಅಂತಲೂ ಯಾರೋ ಅಂದರು. ಆ ಮಾತು ಕೇಳಿ ಒತಿಲಿಯಾ ಎದ್ದು ಹೊರಗೆ ಹೋದಳು.

ಅವತ್ತು ನಾನು ದೋಣಿಯ ಹತ್ತಿರ ಹೋಗಿ, ಹೊಟ್ಟೆಬಾಕ ಏಳೋ, ಅಂತ ಕೂಗಿದ್ದೆ. ಟೋಪಿ ಮುಖದ ಮೇಲಿತ್ತು. "ಅಕ್ಕ, ಯಾರಿಗೂ ಕೊಡಬೇಡ," ಅಂದ. ನಾಲಗೆ ದಪ್ಪಗಾಗಿತ್ತು. ಆಗಲೂ ನನಗೆ, ಇವನು ಕುಡಿದಿದ್ದಾನೆ ಅಂತಲೇ ಅನ್ನಿಸಿದ್ದು.

ಅಕ್ಟೋಬರ್ 28, ಶನಿವಾರ

ಫ್ರೆಸಿಯಾ ಬಂದಳು. ಯಾರೂ ಕರೆದಿರಲಿಲ್ಲ. ಬಂದವಳು ನನ್ನನ್ನು ಅಪ್ಪಿಕೊಂಡಳು, ನಾನು ಮರದ ಹಾಗೆ ನಿಂತಿದ್ದೆ.

ಹೋದ ಶನಿವಾರದ ನೀರಿನ ಸೀಸೆ ಕಪಾಟಿನಲ್ಲಿ ಹಾಗೇ ಇತ್ತು. ತೆಗೆದು ನೋಡಿದಳು. ಬಹಳ ಹೊತ್ತು ತಲೆ ಎತ್ತಲಿಲ್ಲ. "ಎಷ್ಟು?" ಅಂದೆ. "ತುಂಬ ಇದೆ ದೊನ್ಯಾ ನೆಲ್ದಾ," ಅಂದಳು, ಅಷ್ಟೆ. ಆಮೇಲೆ ಜಾಗ ಬಿಟ್ಟು, "ನೀವೂ ನೋಡಿ. ಸರಿಯಾಗಿ ಮಧ್ಯದಲ್ಲಿಟ್ಟಿದ್ದೀನಿ, ನಾಲ್ಕು ಕೈಹಿಡ್ಕೊಂಡಿರೋ ಸರಪಳಿ," ಅಂದಳು.

ಕೂತೆ. ಕಣ್ಣಿಟ್ಟೆ. ಎಡಗಣ್ಣು, ಬಲಗಣ್ಣು. ಹಾಲಿಗೆ ಒಂದು ಹನಿ ಚಹಾ ಬಿದ್ದ ಹಾಗಿನ ಬಣ್ಣ, ಅದರೊಳಗೆ ಎಲ್ಲೋ ಒಂದು ಕಲೆ. ದೀಪ ಹೊಸದು, ಇವತ್ತು ಅವಳೇ ತಂದು ಹಾಕಿದ್ದು.

"ಕಾಣಿಸ್ತಾ?" ಅಂದಳು.

"ಹೂಂ," ಅಂದೆ.

ಅವಳು ಎದ್ದಳು. ಕಂಬಕ್ಕೆ ಹೋಗಿ ಕೆಂಪು ಕಟ್ಟಿ ಬಂದಳು. ಮಂಗಳವಾರದ ದೋಣಿಗೆ ಹೋಗಿ, ವಿಶ್ವವಿದ್ಯಾಲಯದವರ ಹತ್ತಿರ ಮಾತಾಡಿ, ಮುಂದಿನ ದೋಣಿಗೆ ಬರುತ್ತೇನೆ ಅಂದಿದ್ದಾಳೆ. ಬಾ ಅಂದೆ.

ನವೆಂಬರ್ 1, ಬುಧವಾರ

ಸಕಲ ಸಂತರ ದಿನ. ಊರೆಲ್ಲ ಸ್ಮಶಾನದಲ್ಲಿತ್ತು. ಒತಿಲಿಯಾ ಕಾಗದದ ಹೂವು ಮಾಡಿ ತಂದಿದ್ದಳು, ಇಲ್ಲಿಯ ಗಾಳಿಗೆ ನಿಜವಾದ ಹೂವು ನಿಲ್ಲಲ್ಲ. ನಾನು ಒಂದು ಹೂ ಹಿಡಿದು ಶಿಲುಬೆ ಹುಡುಕುತ್ತಾ ಪಕ್ಕದ ಗೋರಿಗೆ ಇಡಲು ಹೋದೆ. ಒತಿಲಿಯಾ ನನ್ನ ಮೊಣಕೈ ಹಿಡಿದು ಒಂದು ಹೆಜ್ಜೆ ಎಡಕ್ಕೆ ಸರಿಸಿದಳು. ಎಷ್ಟು ಸಹಜವಾಗಿ ಸರಿಸಿದಳು ಅಂದರೆ, ಇದು ಅವಳಿಗೆ ಅಭ್ಯಾಸವಿದೆ ಅನ್ನೋದು ಆಗ ಹೊಳೆಯಿತು.

ಎಲ್ಲರೂ ಹೋದ ಮೇಲೆ ಇಬ್ಬರೇ ಕೂತೆವು. ಅವಳು ಥರ್ಮಾಸಿನಿಂದ ಮಾತೆ ಹುಯ್ದು ನನ್ನ ಕೈಯಲ್ಲಿ ಇಟ್ಟು, ಬೆರಳುಗಳನ್ನೂ ಮಡಿಸಿ ಹಿಡಿಸಿದಳು.

"ರಾತ್ರಿ ಬಿರುಗಾಳಿಗೆ ಕಂಬದ ಬಟ್ಟೆ ಹಾರಿಹೋಗಿದೆ," ಅಂದಳು. "ಬೆಳಿಗ್ಗೆಯಿಂದ ಜನ ನನ್ನನ್ನು ಕೇಳ್ತಿದ್ದಾರೆ, ಏನು ಕಟ್ತಾರಂತೆ ಅಂತ. ಅವರು ಈಗ್ಲೂ ನಿನ್ನನ್ನೇ ನಂಬಿದ್ದಾರೆ ಅಕ್ಕ. ನೀನು ಬಿಳಿ ಕಟ್ಟಿದ್ರೆ ನಾಳೆಯೇ ತಿಂತಾರೆ."

"ಅವತ್ತು ಬೆಳಿಗ್ಗೆ ನೀರು ಚೊಕ್ಕ ಇತ್ತು," ಅಂದೆ. ಬಾಯಿಪಾಠ ಆಗಿಹೋಗಿದೆ.

ಒತಿಲಿಯಾ ಥರ್ಮಾಸಿನ ಮುಚ್ಚಳ ಹಾಕಿದಳು. ಆಮೇಲೆ, ಕೋಪವಿಲ್ಲದೆ, ಅಡುಗೆಯ ಮಾತಾಡುವ ಹಾಗೆ ಹೇಳಿದಳು.

"ಅವನು ಹೊಟ್ಟೆಬಾಕ ಅಲ್ಲ ಅಕ್ಕ. ಚಿಪ್ಪುಮೀನು ಅಂದ್ರೆ ಅವನಿಗೆ ಸೇರ್ತಾನೇ ಇರಲಿಲ್ಲ. ದಿನಾ ಅದರ ಜೊತೆ ಬದುಕೋನಿಗೆ ಏನು ರುಚಿ. ಅಜ್ಜನ ಹಾಗೆ ತುಟಿಗೆ ಉಜ್ಜಿ, ತಿಂದು, ಕಾಯ್ತಿದ್ದ. ಕಟ್ಟೆ ಮೇಲೆ ನಿನ್ನ ಕೇಳಿದ್ನಲ್ಲ, ಆ ದೋಣಿ ಯಾರದ್ದು ಅಂತ. ಅದು ಅವನದೇ ದೋಣಿ. ನಮ್ಮ ಮಗ ತರ್ತಿದ್ದ. ಮಂಜೂ ಇರಲಿಲ್ಲ."

ನಾನು ಮಾತೆ ಕೆಳಗಿಟ್ಟೆ.

"ನನಗೆ ಹೇಳಬಾರದಿತ್ತಾ?" ಅಂದೆ.

"ಹೇಳು ಅಂತ ನಾನೂ ಜಗಳ ಆಡ್ದೆ. ಅಕ್ಕನ ಹತ್ರ ಇರೋದು ಆ ಕಣ್ಣೊಂದೇ, ಅದೂ ಇಲ್ಲ ಅಂತ ಯಾವ ಬಾಯಲ್ಲಿ ಹೇಳಲಿ ಅಂದ. ಆ ಹುಡುಗಿ ನಗರದಿಂದ ಯಾರನ್ನಾದ್ರೂ ಕಳಿಸ್ತೀನಿ ಅಂದಿದ್ಲು. ಅಲ್ಲೀವರೆಗೆ ನಾನು ನೋಡ್ಕೊಳ್ತೀನಿ ಅಂದಿದ್ದ. ಅವತ್ತು ಮಕ್ಕಳೆಲ್ಲ ಬಂದಿದ್ರು. ಒಂದು ತುಂಡಲ್ಲಿ ಗೊತ್ತಾಗದೆ ಹೋದ್ರೆ ಅಂತ ಒಂದು ತಟ್ಟೆ ಪೂರ್ತಿ ತಿಂದ."

ಛತ್ರಿ ಇಲ್ಲದ್ದು ಮೊದಲು ಸಾಯುತ್ತೆ ಅಂತ ಜನ್ಮವಿಡೀ ಪಾಠ ಹೇಳಿದವಳು ನಾನು. ಯಾವ ಛತ್ರಿಯ ಕೆಳಗೆ ಕೂತು ಹೇಳುತ್ತಿದ್ದೆ ಅನ್ನೋದು ಗೊತ್ತಾಗಲಿಲ್ಲ. ಅಳು ಬಂತು. ಸದ್ದು ಮಾಡಿಕೊಂಡೇ ಅತ್ತೆ. ಒತಿಲಿಯಾ ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ.

"ನನಗೆ ಕಾಣಲ್ಲ ಒತಿಲಿಯಾ," ಅಂದೆ. "ಸರಪಳಿ ಕಾಣಲ್ಲ. ನಿನ್ನ ಮುಖವೂ ಸರಿಯಾಗಿ ಕಾಣಲ್ಲ. ಹೋದ ವರ್ಷದಿಂದಲೇ ಕಾಣ್ತಿರಲಿಲ್ಲ ಅಂತ ಅನ್ಸುತ್ತೆ."

"ಗೊತ್ತು," ಅಂದಳು.

ಇಬ್ಬರೂ ಕಟ್ಟೆಗೆ ಇಳಿದೆವು. ಜನ ಅಲ್ಲಲ್ಲಿ ನಿಂತಿದ್ದರು, ಕಾಲಿನ ಸದ್ದಿನಿಂದ ತಿಳಿಯಿತು. ಆ ಕಂಬದ ಬುಡದಲ್ಲಿ ನಿಂತು ಅದೇ ಮಾತನ್ನು ಅವರಿಗೂ ಹೇಳಿದೆ. ಅವತ್ತು ನೀರು ತಿರುಗಲಿಲ್ಲ, ಬೆಳಿಗ್ಗೆಯೇ ವಿಷ ಇತ್ತು, ನನಗೆ ಕಾಣಲಿಲ್ಲ ಅಂದೆ. ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಮನೆಯ ಕಡೆ ಹೊರಟಳು, ಮಗು ಯಾಕೆ ಯಾಕೆ ಅಂತ ಕೇಳುತ್ತಿತ್ತು. ಆಮೇಲೆ ಉಳಿದವರೂ ಹೊರಟರು. ಬೈಯಲಿ ಅಂತ ಕಾದೆ, ಬೈಯಲಿಲ್ಲ.

ಕಂಬದ ಬುಡದ ಡಬ್ಬಿಯಿಂದ ಉಳಿದ ಬಟ್ಟೆಗಳನ್ನು, ಒಂದು ಬಿಳಿ, ಒಂದು ಕೆಂಪು, ತೆಗೆದೆ. ಕೈಯಲ್ಲಿ ಎರಡೂ ಒಂದೇ ಥರ, ಉಪ್ಪು ನೀರಿಗೆ ಒರಟಾದ ಹತ್ತಿ. ಬೆಳಕಿಗೆ ಹಿಡಿದು, ಗಾಢವಾಗಿ ಕಂಡದ್ದನ್ನು ಆರಿಸಿ, ಕಂಬಕ್ಕೆ ಕಟ್ಟಿ ಗಂಟು ಹಾಕಿದೆ. ಗಾಳಿಗೆ ಬಟ್ಟೆ ಪಟಪಟ ಅನ್ನತೊಡಗಿತು.

"ಒತಿಲಿಯಾ," ಅಂದೆ, "ನಾನು ಕಟ್ಟಿದ್ದು ಕೆಂಪೇ ತಾನೇ?"

ಅವಳು ಹತ್ತಿರ ಬಂದು ತಲೆಯೆತ್ತಿ ನೋಡಿದಳು.

"ಕೆಂಪೇ ಅಕ್ಕ," ಅಂದಳು. ಆಮೇಲೆ ನನ್ನ ತೋಳು ಹಿಡಿದು ಮೆಟ್ಟಿಲು ಇಳಿಸಿದಳು, ನಾನು ಕೊಡವಿಕೊಳ್ಳಲಿಲ್ಲ.